ಐಸಿಯು, ಮನೆ, ಲಿವಿಂಗ್ ವಿಲ್, ಇಂಜೆಕ್ಷನ್: ಕೊನೆಗಾಲಕ್ಕೆ ಯಾವ ದಾರಿ ಯಾರಿಗೆ?

ನಮ್ಮಜ್ಜಿ ದಿನಾ ಸಂಜೆ ದೀಪ ಹಚ್ಚಿ "ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ" ಅಂತ ಹೇಳೋರು, ಅರ್ಥ ಗೊತ್ತಿಲ್ದೆ ನಾವು ಮಕ್ಕಳೂ ಜೊತೆಗೆ ರಾಗ ಎಳೀತಿದ್ವಿ. ನರಳದೆ ಸಾಯ್ಬೇಕು, ಇನ್ನೊಬ್ಬರ ಹಂಗಿಲ್ದೆ ಬದುಕ್ಬೇಕು, ಅಷ್ಟೇ ಬೇಡಿಕೆ. ದೇವರ ಮುಂದೆ ದಿನಾ ಕೇಳೋ ಈ ವಿಷ್ಯನ ಡಾಕ್ಟ್ರ ಮುಂದೆ ಕೇಳೋಕೆ ಮಾತ್ರ ನಮಗೆ ಬಾಯೇ ಬರಲ್ಲ.

ಮೂರು ವರ್ಷದಲ್ಲಿ ಮನೇಲಿ ಎರಡು ಸಾವು ನೋಡ್ದೆ. ಎರಡೂ ಕ್ಯಾನ್ಸರ್, ದೊಡ್ಡಪ್ಪ ಹೋಗಿದ್ದು ಐಸಿಯುನಲ್ಲಿ, ಸೋದರತ್ತೆ ಹೋಗಿದ್ದು ಮನೆ ಹಾಲ್‌ನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ. ಅವತ್ತಿಂದ ನೆಂಟರಲ್ಲಿ ಯಾರಿಗಾದ್ರೂ ಡಾಕ್ಟ್ರು "ಇನ್ನೇನೂ ಮಾಡಕ್ಕಾಗಲ್ಲ" ಅಂದ ತಕ್ಷಣ ನಂಗೆ ಫೋನ್ ಬರುತ್ತೆ, ನಾನೇನೋ ಸಾವಿನ ಮೇಲೆ ಪಿಎಚ್‌ಡಿ ಮಾಡಿದೀನಿ ಅನ್ನೋ ಥರ. ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ, ಯಾವುದೋ ವಾಟ್ಸಾಪ್ ಫಾರ್ವರ್ಡ್ ನೋಡಿ ಕೇಳೋದು, "ಕರ್ನಾಟಕದಲ್ಲಿ ದಯಾಮರಣ ಬಂತಂತಲ್ಲ, ಹೌದಾ?" ಅದಕ್ಕೇ ಒಂದ್ಸಲ ಕೂತ್ಕೊಂಡು ಎಲ್ಲಾ ದಾರಿಗಳನ್ನೂ ಪಕ್ಕಪಕ್ಕ ಇಟ್ಟು ಬರೀತಿದೀನಿ. ನಾನು ಡಾಕ್ಟರೂ ಅಲ್ಲ ಲಾಯರೂ ಅಲ್ಲ, ಓದಿದ್ದು ಮತ್ತೆ ಅನುಭವಿಸಿದ್ದು ಅಷ್ಟೇ.

ಆ ವಾಟ್ಸಾಪ್ ಫಾರ್ವರ್ಡ್ ಬಗ್ಗೆ

ಬಂದಿದ್ದು ದಯಾಮರಣ ಅಲ್ಲ. 30 ಜನವರಿ 2025ಕ್ಕೆ ನಮ್ಮ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆ ಇದೆಯಲ್ಲ, ಅದು ಸುಪ್ರೀಂ ಕೋರ್ಟ್ ಈಗಾಗ್ಲೇ ಹೇಳಿದ್ದನ್ನ ಆಸ್ಪತ್ರೆಗಳು ಹೇಗೆ ಜಾರಿ ಮಾಡ್ಬೇಕು ಅನ್ನೋದು. ವಾಸಿಯಾಗೋ ಭರವಸೆಯೇ ಇಲ್ಲದ ರೋಗಿಗೆ ಜೀವ ಹಿಡಿದಿಡೋ ಚಿಕಿತ್ಸೆ ಶುರು ಮಾಡದೇ ಇರಬಹುದು, ಶುರು ಮಾಡಿದ್ರೆ ನಿಲ್ಲಿಸಬಹುದು. ಇಂಜೆಕ್ಷನ್ ಕೊಟ್ಟು ಮಲಗಿಸೋದು ಇದರಲ್ಲಿ ಇಲ್ವೇ ಇಲ್ಲ, ಇದು ದಯಾಮರಣ ಅಲ್ಲ ಅಂತ ಮಂತ್ರಿ ದಿನೇಶ್ ಗುಂಡೂರಾವ್ ಅವರೇ ಸ್ಪಷ್ಟ ಮಾಡಿದ್ರು. ಹಾಗೆ ಇಂಜೆಕ್ಷನ್ ಕೊಡೋದು ಇವತ್ತಿಗೂ ಇಂಡಿಯಾದಲ್ಲಿ ಅಪರಾಧ.

ಈ ಕಾನೂನಿನ ಬೇರು ಒಂಥರ ನಮ್ಮ ಊರ ಕಡೆಯದೇ. ಹೊನ್ನಾವರದ ಹತ್ರ ಹಳದೀಪುರದ ಹುಡುಗಿ ಅರುಣಾ ಶಾನಭಾಗ್, ಮುಂಬೈನ ಕೆಇಎಂ ಆಸ್ಪತ್ರೇಲಿ ನರ್ಸ್ ಆಗಿದ್ರು, 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ನಾಯಿ ಕಟ್ಟೋ ಚೈನ್‌ನಿಂದ ಕತ್ತು ಬಿಗಿದು ಅತ್ಯಾಚಾರ ಮಾಡಿದ, ಮಿದುಳಿಗೆ ಆಕ್ಸಿಜನ್ ಹೋಗ್ದೆ ಅವರು ಮುಂದಿನ 41 ವರ್ಷ ಚಿಲ್ಲರೆ ಹಾಗೇ ಹಾಸಿಗೆ ಮೇಲೆ. ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ್ದ ಅರ್ಜಿ ಮೇಲೆ 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವಿಚಿತ್ರವಾದ ತೀರ್ಪು ಕೊಡ್ತು: ಚಿಕಿತ್ಸೆ ನಿಲ್ಲಿಸೋದಕ್ಕೆ ತಾತ್ವಿಕವಾಗಿ ಓಕೆ, ಅರುಣಾಗೆ ಮಾತ್ರ ಬೇಡ. ಯಾಕಂದ್ರೆ ಅವರನ್ನ ಅಷ್ಟು ವರ್ಷ ನೋಡ್ಕೊಂಡ ಕೆಇಎಂ ನರ್ಸ್‌ಗಳೇ ನಿಜವಾದ ಹತ್ತಿರದವರು, ಅವರಿಗೆ ಅದು ಬೇಡ. 2015ರ ಮೇ 18ಕ್ಕೆ ನ್ಯುಮೋನಿಯಾ ಬಂದು ಅರುಣಾ ಹೋದ್ರು. ನಂಗೆ ಆ ನರ್ಸ್‌ಗಳ ಮೇಲೆ ಕೋಪಾನೂ ಬರಲ್ಲ, ತೀರ್ಪು ಪೂರ್ತಿ ಸರಿ ಅಂತಾನೂ ಅನ್ಸಲ್ಲ. ಆಮೇಲೆ 2018ರ ಮಾರ್ಚ್ 9ಕ್ಕೆ ಐದು ಜಡ್ಜ್‌ಗಳ ಪೀಠ ಘನತೆಯಿಂದ ಸಾಯೋದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಒಳಗೇ ಬರುತ್ತೆ ಅಂತ ಹೇಳಿ ಲಿವಿಂಗ್ ವಿಲ್ (ಮುಂದೆ ಮಾತಾಡೋಕಾಗದ ಸ್ಥಿತಿ ಬಂದ್ರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದ್ಲೇ ಬರೆದಿಡೋ ಕಾಗದ) ಒಪ್ಕೊಳ್ತು. 2023ರ ಜನವರಿಯಲ್ಲಿ ಅದರ ರೂಲ್ಸ್ ಸಡಿಲ ಮಾಡಿದ್ರು.

ಸರಿ, ಈಗ ದಾರಿಗಳು.

ಪೂರ್ತಿ ಟ್ರೀಟ್ಮೆಂಟು, ಕೊನೇ ಉಸಿರಿನ ತನಕ ಐಸಿಯು

ಇದನ್ನ ಯಾರೂ "ಆಯ್ಕೆ" ಮಾಡ್ಕೊಳ್ಳಲ್ಲ, ಬೇರೇನೂ ಆಯ್ಕೆ ಮಾಡ್ದೇ ಇದ್ರೆ ತಾನಾಗೇ ಆಗೋದು ಇದೇ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟುತ್ತೆ, ಆಂಬುಲೆನ್ಸ್, ಎಮರ್ಜೆನ್ಸಿ, "ಟ್ಯೂಬ್ ಹಾಕ್ಬೇಕು ಸೈನ್ ಮಾಡಿ", ಕೈ ನಡುಗ್ತಾ ಸೈನ್ ಮಾಡ್ತೀವಿ, ಮುಗೀತು.

ದೊಡ್ಡಪ್ಪಂಗೆ ಹೀಗೇ ಆಗಿದ್ದು. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಸ್ಟೇಜ್, ಲಿವರ್‌ಗೆ ಹರಡಿತ್ತು, ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ದಿನ ವೆಂಟಿಲೇಟರ್. ದಿನಕ್ಕೆ ಹತ್ತು ನಿಮಿಷ ಒಳಗೆ ಬಿಡೋರು, ಮೊದಲ ದಿನ ಹೋದಾಗ ನೋಡ್ದೆ, ಎರಡೂ ಕೈಯನ್ನ ಬಿಳೀ ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ರು. ಎಚ್ಚರ ಬಂದಾಗ ಟ್ಯೂಬ್ ಕಿತ್ತಾಕ್ತಾರೆ ಅಂತ. ಮಣಿಕಟ್ಟು ಊದ್ಕೊಂಡಿತ್ತು, ಬಟ್ಟೆ ಗೆರೆ ಬಿದ್ದಿತ್ತು, ನಲವತ್ತು ವರ್ಷ ಅಡಿಕೆ ಕೊನೆ ಇಳಿಸಿದ ಕೈ ಅದು. ನನ್ನ ನೋಡಿ ಬೆರಳು ಅಲ್ಲಾಡಿಸಿದ್ರು, ಬಿಚ್ಚು ಅನ್ನೋ ಥರ. ನಾನು ಬಿಚ್ಚಲಿಲ್ಲ. ನರ್ಸ್ ಕೇಳಿದ್ರೆ ಬೈತಾರೇನೋ ಅಂತ ಹೆದರಿಕೆ, ಇಷ್ಟು ದೊಡ್ಡ ಗಂಡಸಿಗೆ! ಹನ್ನೊಂದನೇ ದಿನ ಹೋದ್ರು, ಬಿಲ್ಲಿಗೆ ತೋಟದ ಮೇಲೆ ಸಾಲ ತೆಗೆದ್ವಿ, ಆದ್ರೆ ದುಡ್ಡಿನ ವಿಷ್ಯ ನಂಗೆ ಈಗ ನೆನಪಿಗೂ ಬರಲ್ಲ, ಬೆರಳು ಬರುತ್ತೆ.

ಹಾಗಂತ ಐಸಿಯು ಅಂದ್ರೆನೇ ಕೆಟ್ಟದ್ದು ಅಂತ ಹೇಳ್ತಿಲ್ಲ, ಅದು ತಪ್ಪು. ಕ್ಯಾನ್ಸರ್ ಇರೋರಿಗೂ ಇನ್ಫೆಕ್ಷನ್ ಆಗಿ ನಾಲ್ಕು ದಿನದಲ್ಲಿ ಸರಿಹೋಗಿ ಎದ್ದು ಮನೆಗೆ ಬಂದು ಮೊಮ್ಮಗಳ ಮದುವೆ ನೋಡಿದೋರು ಇದಾರೆ. ಡಾಕ್ಟ್ರನ್ನ ಕೇಳ್ಬೇಕಾಗಿರೋದು "ಬದುಕ್ತಾರಾ" ಅಂತ ಅಲ್ಲ, ಅದಕ್ಕೆ ಯಾವ ಡಾಕ್ಟ್ರೂ ನೇರ ಉತ್ತರ ಕೊಡಲ್ಲ, "ಈಗ ಆಗಿರೋ ತೊಂದ್ರೆ ವಾಪಸ್ ಸರಿಹೋಗೋಂಥದ್ದಾ, ಇಲ್ಲಾ ಮೂಲ ಕಾಯಿಲೆನೇ ಕೊನೆ ಮುಟ್ಟಿದ್ಯಾ" ಅಂತ. ವಾಪಸ್ ಬರೋಂಥದ್ದು ಅಂದ್ರೆ ಹಾಕ್ಸಿ. ಗೊತ್ತಿಲ್ಲ ಅಂದ್ರೆ "ಮೂರು ದಿನ ನೋಡೋಣ, ಸುಧಾರಿಸ್ದೇ ಇದ್ರೆ ಮತ್ತೆ ಕೂತು ಮಾತಾಡೋಣ" ಅಂತ ಮೊದ್ಲೇ ಅವಧಿ ಗೊತ್ತುಮಾಡ್ಕೊಳ್ಳಿ, ಒಳ್ಳೇ ಐಸಿಯು ಡಾಕ್ಟ್ರು ಇದಕ್ಕೆ ಒಪ್ತಾರೆ.

ಇದರ ಒಳಗೇ ಒಂದು ಚಿಕ್ಕ ಆಯ್ಕೆ ಇದೆ. ಟ್ರೀಟ್ಮೆಂಟ್ ಎಲ್ಲಾ ನಡೀಲಿ, ಆದ್ರೆ ಹಾರ್ಟ್ ನಿಂತ್ರೆ ಎದೆ ಒತ್ತಿ ಎಬ್ಬಿಸೋದು ಬೇಡ ಅಂತ ಫೈಲಲ್ಲಿ ಬರೆಸೋದು. ಇದಕ್ಕೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲೇ ಮಾರ್ಗಸೂಚಿ ತಂದಿದೆ. ಸಿನಿಮಾದಲ್ಲಿ ಎದೆ ಒತ್ತಿದ್ರೆ ಹೀರೋ ಕೆಮ್ಮಿ ಎದ್ದು ಕೂರ್ತಾನೆ, ಎಪ್ಪತ್ತೈದು ದಾಟಿದ ಸೊರಗಿದ ದೇಹದಲ್ಲಿ ಪಕ್ಕೆಲುಬು ಮುರಿಯುತ್ತೆ.

ಮನೆ ಅಥವಾ ಹಾಸ್ಪಿಸ್, ಮಾರ್ಫೀನ್ ಜೊತೆಗೆ

ಪ್ಯಾಲಿಯೇಟಿವ್ ಕೇರ್ ಅಂದ್ರೆ ಕಾಯಿಲೆ ವಾಸಿ ಮಾಡೋಕಲ್ಲ, ನೋವು, ಯಾತನೆ ಕಮ್ಮಿ ಮಾಡೋಕೆ ಕೊಡೋ ಆರೈಕೆ. ಆ ಹೆಸರು ಕೇಳಿದ ತಕ್ಷಣ ನಮ್ಮೋರು "ಕೈ ಬಿಟ್ರು" ಅಂತ ಅರ್ಥ ಮಾಡ್ಕೊಳ್ತಾರೆ. ಅತ್ತೆ ಮನೆಯವರೂ ಹಾಗೇ ಅಂದ್ಕೊಂಡ್ರು, ಭಾವ ಎರಡು ದಿನ ಮಾತೇ ಆಡ್ಲಿಲ್ಲ.

ಅತ್ತೆಗೆ ಮೇದೋಜೀರಕದ ಕ್ಯಾನ್ಸರ್, ಬೆನ್ನಿಗೆ ತೂರಿ ಬರೋ ನೋವು. ರಾತ್ರಿ ಎಲ್ಲಾ ದಿಂಬು ಅಪ್ಕೊಂಡು ಕೂತಿರೋರು, ಮಲಗಕ್ಕೇ ಆಗ್ತಿರಲಿಲ್ಲ, "ಯಾವ ಜನ್ಮದ ಪಾಪನೋ, ಏನಾದ್ರೂ ಕೊಟ್ಟು ಕಳಿಸ್ಬಿಡ್ರೋ" ಅಂತ ನನ್ನ ಕೈ ಹಿಡ್ಕೊಂಡು ಕೇಳಿದ್ರು. ಪ್ಯಾಲಿಯೇಟಿವ್ ಡಾಕ್ಟ್ರು ಬಂದು ಮಾರ್ಫೀನ್ ಅನ್ನೋ ಬಲವಾದ ನೋವಿನ ಮಾತ್ರೆ ಶುರು ಮಾಡಿದ್ರು, ನಾಲ್ಕು ಗಂಟೆಗೊಂದು, ಮೊಬೈಲಲ್ಲಿ ಅಲಾರಂ ಇಟ್ಟು. ಅದರ ಜೊತೆಗೆ ಕಡ್ಡಾಯವಾಗಿ ಮಲಬದ್ಧತೆಗೆ ಸಿರಪ್, ಇದನ್ನ ಮರೆತ್ರೆ ನೋವಿಗಿಂತ ದೊಡ್ಡ ಹಿಂಸೆ ಅಂತ ಆ ಡಾಕ್ಟ್ರು ಮೂರು ಸಲ ಹೇಳಿದ್ರು. ಮೂರನೇ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆ ಕಡೆ ತಿರುಗಿ "ಕುಕ್ಕರ್ ನಾಲ್ಕು ಸಲ ಕೂಗಾಯ್ತು, ಬೇಳೆ ಕರಗಿ ಹೋಗುತ್ತೆ, ಆಫ್ ಮಾಡೇ" ಅಂತ ಸೊಸೆಗೆ ಗದರಿದ್ರು. ಮತ್ತೆ ಐದು ವಾರ ಇದ್ರು. ಆ ಐದು ವಾರದಲ್ಲಿ "ಕಳಿಸ್ಬಿಡ್ರೋ" ಅನ್ನೋ ಮಾತು ಒಂದ್ಸಲಾನೂ ಬರಲಿಲ್ಲ. ನಾನು ಇದನ್ನ ಪದೇ ಪದೇ ಹೇಳ್ತಿರ್ತೀನಿ, ಬೇಜಾರಾದ್ರೂ ಕೇಳಿ, ಸಾವು ಬೇಕು ಅಂತ ಕೇಳಿದ್ದು ಅತ್ತೆ ಅಲ್ಲ, ನೋವು.

ಇದು ಎಲ್ಲರ ವಿಷ್ಯದಲ್ಲೂ ನಿಜ ಅಂತಲ್ಲ. ಕೆಲವು ನರಗಳ ಕಾಯಿಲೆಗಳಲ್ಲಿ ನೋವಿಗಿಂತ ಬೇರೆ ಥರದ ಯಾತನೆ ಇರುತ್ತೆ, ಮಾತು ಹೋಗೋದು, ನುಂಗೋಕಾಗ್ದೇ ಇರೋದು, ಪ್ರತಿಯೊಂದಕ್ಕೂ ಇನ್ನೊಬ್ಬರ ಕೈ. ಅದಕ್ಕೆ ಮಾತ್ರೆ ಇಲ್ಲ, ಗೊತ್ತು.

ಮಾರ್ಫೀನ್ ಬಗ್ಗೆ ಎರಡು ಭಯ. ಒಂದು ಚಟ ಆಗುತ್ತೆ ಅಂತ, ಇನ್ನು ಎರಡು ತಿಂಗಳಿರೋ ಜೀವಕ್ಕೆ ಚಟದ ಚಿಂತೆ ಯಾಕೋ ನಂಗೆ ಅರ್ಥ ಆಗಲ್ಲ, ಅಲ್ದೆ ಸರಿಯಾಗಿ ನೋವಿಗೆ ಅಳತೆ ಮಾಡಿ ಕೊಟ್ರೆ ಹಾಗಾಗೋದು ಕಮ್ಮಿ. ಇನ್ನೊಂದು, ಎಲ್ಲೂ ಸಿಗಲ್ಲ ಅಂತ, ಇದು ನಿಜ. ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ್ಮೇಲೆ ಲೈಸೆನ್ಸ್ ರಗಳೆಗೆ ಹೆದರಿ ಮೆಡಿಕಲ್ ಶಾಪ್‌ಗಳು, ಆಸ್ಪತ್ರೆಗಳು ಮಾರ್ಫೀನ್ ಇಡೋದನ್ನೇ ಬಿಟ್ವು, 2014ರಲ್ಲಿ ತಿದ್ದುಪಡಿ ಆಗಿ ದಾರಿ ಸಲೀಸಾದ್ರೂ ತಾಲೂಕು ಮಟ್ಟದಲ್ಲಿ ಇವತ್ತಿಗೂ ಹುಡುಕಾಟವೇ. ಅತ್ತೆ ಮಾತ್ರೆಗೆ ಭಾವ ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಬಂದು ಹೋಗ್ತಿದ್ರು. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತೆ ಗೆಳೆಯರು ಶುರು ಮಾಡಿದ ಪ್ಯಾಲಿಯೇಟಿವ್ ಕೇರ್ ಇವತ್ತು ಊರೂರಿಗೆ, ಮನೆಮನೆಗೆ ಹೋಗೋ ವ್ಯವಸ್ಥೆ ಆಗಿದೆ, ಪಂಚಾಯ್ತಿಗಳೇ ನಡೆಸ್ತಾವೆ. ನಾವು ಅದರ ಹತ್ರಕ್ಕೂ ಬಂದಿಲ್ಲ.

ಮನೇಲಿ ನೋಡ್ಕೊಳ್ಳೋಕಾಗದವರಿಗೆ ಬೆಂಗಳೂರಲ್ಲಿ ಕರುಣಾಶ್ರಯ ಅನ್ನೋ ಹಾಸ್ಪಿಸ್ (ಕೊನೆಗಾಲದ ಆರೈಕೆ ಕೇಂದ್ರ) ಇದೆ, ಕ್ಯಾನ್ಸರ್ ಕೊನೆ ಹಂತದವರಿಗೆ, 1999ರಿಂದ ದುಡ್ಡು ತಗೊಳ್ದೆ ನೋಡ್ಕೊಳ್ತಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಪ್ಯಾಲಿಯೇಟಿವ್ ವಿಭಾಗ ಇದೆ.

ಮನೆ ದಾರಿಯ ಕಷ್ಟಾನೂ ಹೇಳ್ಬಿಡ್ತೀನಿ. ಡೈಪರ್ ಬದಲಾಯಿಸೋದು, ಬೆಡ್‌ಸೋರ್ ಆಗ್ದಂಗೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸೋದು, ಇದೆಲ್ಲಾ ಬೀಳೋದು ಮನೆ ಹೆಂಗಸರ ಮೇಲೆ, "ಮನೇಲೇ ಇಟ್ಕೊಳ್ಳೋಣ" ಅಂತ ನಿರ್ಧಾರ ಮಾಡೋರು ಗಂಡಸರು. ಇನ್ನೊಂದು, ಕೊನೇ ವಾರ ಅವರು ಊಟ ಬಿಡ್ತಾರೆ. ಬಂದವರೆಲ್ಲ "ಉಪವಾಸ ಕೆಡವ್ತಿದೀರಾ, ಒಂದು ಡ್ರಿಪ್ಪಾದ್ರೂ ಹಾಕ್ಸಿ" ಅಂತ ಚುಚ್ತಾರೆ. ದೇಹ ನಿಲ್ಲೋಕೆ ತಯಾರಾಗ್ತಿರುವಾಗ ಹಸಿವು ತಾನಾಗೇ ಹೋಗುತ್ತೆ, ಬಲವಂತ ಮಾಡಿದ್ರೆ ಶ್ವಾಸನಾಳಕ್ಕೆ ಹೋಗುತ್ತೆ, ತುಟಿ ಒದ್ದೆ ಮಾಡ್ತಿದ್ರೆ ಸಾಕು ಅಂತ ಡಾಕ್ಟ್ರು ಹೇಳಿದ್ರು. ಆ ನೆಂಟರಿಗೆ ಉತ್ತರ ಕೊಡೋಕೆ ಒಬ್ಬ ಗಟ್ಟಿ ಮನುಷ್ಯನ್ನ ಬಾಗಿಲಲ್ಲಿ ಕೂರಿಸ್ಕೊಳ್ಳಿ.

ಲಿವಿಂಗ್ ವಿಲ್

ಇದು ಮೇಲಿನ ಎರಡರ ಜೊತೆ ಸ್ಪರ್ಧೆ ಅಲ್ಲ, ಅವೆರಡರಲ್ಲಿ ಯಾವುದು ಅನ್ನೋದನ್ನ ಬಾಯಿ ಇರೋವಾಗ್ಲೇ ಹೇಳಿಡೋದು. 18 ತುಂಬಿ ಬುದ್ಧಿ ಸ್ಥಿಮಿತದಲ್ಲಿರೋ ಯಾರು ಬೇಕಾದ್ರೂ ಬರೀಬಹುದು, ಕಾಯಿಲೆ ಬಂದಿರ್ಲೇಬೇಕು ಅಂತಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ದೃಢೀಕರಣ, 2018ರಲ್ಲಿ ಮ್ಯಾಜಿಸ್ಟ್ರೇಟ್ ಹತ್ರಾನೇ ಹೋಗ್ಬೇಕಿತ್ತು, ಅದನ್ನ 2023ರಲ್ಲಿ ತೆಗೆದ್ರು. ನಿಮ್ಮ ಪರವಾಗಿ ಮಾತಾಡೋರು ಯಾರು ಅಂತ ಹೆಸರು ಬರೀಬೇಕು, ಒಬ್ರಿಗಿಂತ ಜಾಸ್ತಿ ಹೆಸರೂ ಹಾಕಬಹುದು. ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ಬರವಣಿಗೆಯಲ್ಲೇ ರದ್ದು ಮಾಡಬಹುದು.

ಇದು ಕೆಲಸಕ್ಕೆ ಬರೋದು ನಿಮಗೆ ನಿರ್ಧಾರ ಹೇಳೋ ಶಕ್ತಿ ಇಲ್ದೇ ಇದ್ದಾಗ ಮಾತ್ರ. ಆಗ ಆಸ್ಪತ್ರೆ ಒಂದು ಪ್ರೈಮರಿ ಬೋರ್ಡ್ ಮಾಡುತ್ತೆ, ನೋಡ್ತಿರೋ ಡಾಕ್ಟ್ರು ಜೊತೆಗೆ ಕನಿಷ್ಠ ಐದು ವರ್ಷ ಅನುಭವ ಇರೋ ಇಬ್ಬರು ತಜ್ಞರು. ಅವರು ಒಪ್ಪಿದ್ರೆ ಸೆಕೆಂಡರಿ ಬೋರ್ಡ್, ಇದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ಡಾಕ್ಟ್ರು ಇರ್ಬೇಕು. ಒಂದೊಂದು ಬೋರ್ಡೂ ಆದಷ್ಟು 48 ಗಂಟೆ ಒಳಗೆ ಹೇಳ್ಬೇಕು. ಆಮೇಲೆ ಮ್ಯಾಜಿಸ್ಟ್ರೇಟ್‌ಗೆ ತಿಳಿಸ್ತಾರೆ, ಅನುಮತಿ ಕೇಳೋದಲ್ಲ, ತಿಳಿಸೋದು. ಬೋರ್ಡ್ ಒಪ್ಪದಿದ್ರೆ ಹೈಕೋರ್ಟಿಗೆ ಹೋಗಬಹುದು. ವಿಲ್ ಬರೆದಿಲ್ದೇ ಇದ್ರೂ ಮನೆಯವರ ಒಪ್ಪಿಗೆ ಮೇಲೆ ಇದೇ ಬೋರ್ಡ್‌ಗಳ ದಾರಿ ಇದೆ, ಆದ್ರೆ ಆಗ ಅಮೆರಿಕಾದಿಂದ ರಾತ್ರೋರಾತ್ರಿ ಬಂದಿಳಿಯೋ ಮಗ ಒಬ್ಬ ಇರ್ತಾನೆ ನೋಡಿ, ಐದು ವರ್ಷ ಬಂದಿರಲ್ಲ, ಬಂದು "ಎಷ್ಟಾದ್ರೂ ಖರ್ಚಾಗ್ಲಿ" ಅಂತಾನೆ. ಕಾಗದದಲ್ಲಿ ಅಪ್ಪನ ಸಹಿ ಇದ್ರೆ ಅವನ ಬಾಯಿ ಮುಚ್ಚುತ್ತೆ.

ಕೊರತೆ ಏನಪ್ಪಾ ಅಂದ್ರೆ ಎಷ್ಟೋ ಆಸ್ಪತ್ರೆಗೆ ಇದರ ಗಂಧಗಾಳಿ ಇಲ್ಲ. ದೊಡ್ಡಪ್ಪನ ವಿಷ್ಯದಲ್ಲಿ ನಾವು ಕೇಳಿದಾಗ "ಬೇಕಾದ್ರೆ ಡಾಕ್ಟ್ರ ಸಲಹೆಗೆ ವಿರುದ್ಧವಾಗಿ ಕರ್ಕೊಂಡು ಹೋಗ್ತೀವಿ ಅಂತ ಬರ್ಕೊಡಿ" ಅಂದ್ರು. ಅಂದ್ರೆ ದಾರಿ ಮಧ್ಯದಲ್ಲಿ ಹೋದ್ರೆ ನಮ್ಮ ತಲೆ ಮೇಲೆ. ಇನ್ನೊಂದು, ಕಾಗದ ಬರೆದು ಬ್ಯಾಂಕ್ ಲಾಕರ್‌ನಲ್ಲಿ ಇಡ್ಬೇಡಿ, ಭಾನುವಾರ ರಾತ್ರಿ ಬೇಕಾಗುತ್ತೆ.

ಸಲ್ಲೇಖನ

ಸಲ್ಲೇಖನ ಅಂದ್ರೆ ಊಟ, ನೀರು ಬಿಡ್ತಾ ದೇಹ ಬಿಡೋ ಜೈನರ ವ್ರತ. ಇದನ್ನ ಬರೀಲೋ ಬೇಡ್ವೋ ಅಂತ ಯೋಚಿಸ್ದೆ, ಆದ್ರೆ ಕರ್ನಾಟಕದಲ್ಲಿ ಕೂತು ಈ ವಿಷ್ಯ ಮಾತಾಡುವಾಗ ಶ್ರವಣಬೆಳಗೊಳದ ಚಂದ್ರಗಿರಿ ಬಂಡೆಗಳನ್ನ ಬಿಡೋಕಾಗಲ್ಲ, ಸಾವಿರದ ಮುನ್ನೂರು ವರ್ಷಕ್ಕೂ ಹಳೇ ಶಾಸನಗಳು, ಯಾರ್ಯಾರು ಇಲ್ಲಿ ವ್ರತ ಹಿಡಿದು ದೇಹ ಬಿಟ್ರು ಅಂತ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ಕ್ಕೆ ಇದನ್ನ ಆತ್ಮಹತ್ಯೆ ಅಂತ ನಿಷೇಧಿಸ್ತು, ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಜೈನರಿಗೆ ಇದು ಗುರುಗಳ ಅನುಮತಿ ಮೇಲೆ ಹಂತ ಹಂತವಾಗಿ ನಡೆಯೋ ವ್ರತ, ನೋವು ತಪ್ಪಿಸ್ಕೊಳ್ಳೋ ಉಪಾಯ ಅಲ್ಲ. ಹೊರಗಿನವರು ಇದನ್ನ ಒಂದು "ಆಪ್ಷನ್" ಥರ ನೋಡೋದು ಸರಿಯಲ್ಲ ಅನ್ನೋದು ನನ್ನ ಅನಿಸಿಕೆ.

ಹೊರದೇಶದ ದಾರಿ, ಅಂದ್ರೆ ಇಂಜೆಕ್ಷನ್ ಅಥವಾ ಕುಡಿಯೋ ಔಷಧ

ಕ್ಯಾಲಿಫೋರ್ನಿಯಾ, ಟೊರೊಂಟೊ, ಮೆಲ್ಬರ್ನ್‌ನಲ್ಲಿರೋ ನಮ್ಮೋರಿಗೆ ಇದು ನಿಜವಾದ ಆಯ್ಕೆ. ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಆರೆಗಾನ್‌ನಲ್ಲಿ 1997ರಿಂದ ಇದೆ, ಆರು ತಿಂಗಳೊಳಗೆ ಸಾಯೋ ಕಾಯಿಲೆ ಅಂತ ಇಬ್ಬರು ಡಾಕ್ಟ್ರು ಹೇಳ್ಬೇಕು, ಔಷಧ ರೋಗಿ ತಾನೇ ತಗೋಬೇಕು, ಡಾಕ್ಟ್ರು ಕೊಡೋ ಹಾಗಿಲ್ಲ. ಕ್ಯಾಲಿಫೋರ್ನಿಯಾ 2016ರಲ್ಲಿ ಇದೇ ಮಾದರಿ ತಂತು. ನನ್ನ ಗಮನ ಸೆಳೆದಿದ್ದು, ಆರೆಗಾನ್‌ನಲ್ಲಿ ಚೀಟಿ ಬರೆಸ್ಕೊಂಡೋರಲ್ಲಿ ಹೆಚ್ಚೂಕಮ್ಮಿ ಮೂರರಲ್ಲಿ ಒಬ್ಬರು ಅದನ್ನ ಕುಡಿಯೋದೇ ಇಲ್ಲ. ಬೀಗದ ಕೈ ಸೊಂಟದಲ್ಲಿದೆ ಅನ್ನೋ ಧೈರ್ಯವೇ ಸಾಕಾಗುತ್ತೇನೋ.

ನೆದರ್ಲ್ಯಾಂಡ್ಸ್‌ನಲ್ಲಿ 2002ರಿಂದ ಡಾಕ್ಟ್ರೇ ಕೊಡಬಹುದು, ಆರು ತಿಂಗಳ ಲೆಕ್ಕ ಇಲ್ಲ, ತಡೆಯಲಾರದ, ಸುಧಾರಿಸದ ಯಾತನೆ ಇರ್ಬೇಕು. ಕೆನಡಾ 2016ರಲ್ಲಿ ಶುರು ಮಾಡಿ 2021ರಲ್ಲಿ ಸಾವು ಹತ್ತಿರ ಇಲ್ದೇ ಇರೋರಿಗೂ ಬಾಗಿಲು ತೆಗೀತು, ಅಲ್ಲಿಂದ ಗಲಾಟೆ, ಅಂಗವಿಕಲರ ಸಂಘಟನೆಗಳು ಕೇಳೋದು ನ್ಯಾಯವಾಗಿದೆ: ನಮಗೆ ಬದುಕೋಕೆ ಸರಿಯಾದ ಮನೆ, ಸಹಾಯ ಕೊಡೋ ಮೊದ್ಲೇ ಸಾಯೋಕೆ ಸಹಾಯ ಯಾಕೆ ಕೊಡ್ತೀರಿ? ಸ್ವಿಟ್ಜರ್ಲೆಂಡ್ ಹೊರದೇಶದವರನ್ನೂ ಬಿಟ್ಕೊಳ್ಳುತ್ತೆ. 2022ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ದೆಹಲಿ ಹೈಕೋರ್ಟಿಗೆ ಹೋಗಿದ್ರು, ನನ್ನ ಗೆಳೆಯ ಇದಕ್ಕಂತಲೇ ಅಲ್ಲಿಗೆ ಹೋಗ್ತಿದಾನೆ ತಡೀರಿ ಅಂತ. ಆಮೇಲೆ ಅರ್ಜಿ ವಾಪಸ್ ತಗೊಂಡ್ರು. ಸ್ನೇಹಕ್ಕೆ ಎಂಥಾ ಪರೀಕ್ಷೆ ನೋಡಿ.

ಇಂಡಿಯಾಕ್ಕೆ ಇದು ಬೇಕಾ? ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದೋರು, ಅಂಥವರ ದನಿ ಕೇಳಿದಾಗ ಬೇಕು ಅನ್ಸುತ್ತೆ, ನನ್ನ ದೇಹ ನನ್ನ ನಿರ್ಧಾರ ಅನ್ನೋದಕ್ಕೆ ಎದುರು ಹೇಳೋಕೆ ನನ್ನ ಹತ್ರ ಏನಿಲ್ಲ. ಆದ್ರೆ ನಮ್ಮನೆಗಳನ್ನ ನೆನೆಸ್ಕೊಂಡ್ರೆ ಕಾಲು ಹಿಂದಕ್ಕೆ ಬರುತ್ತೆ. ಇನ್ನೊಂದು ಲೋಟ ಕಾಫಿ ಬೇಕು ಅಂತ ಸೊಸೆಯನ್ನ ಕೇಳೋಕೆ ಹಿಂದೆಮುಂದೆ ನೋಡೋ ಅಜ್ಜಿ "ನಂಗೆ ಸಾಕು, ಕಳಿಸ್ಬಿಡಿ" ಅಂತ ಫಾರಂಗೆ ಹೆಬ್ಬೆಟ್ಟು ಒತ್ತಿದ್ರೆ ಅದು ಅವಳ ಇಚ್ಛೆನಾ, ನಮ್ಮ ಸಾಲದ ಇಚ್ಛೆನಾ? ಮಾರ್ಫೀನ್ ಮಾತ್ರೆಗೆ ರಾತ್ರಿ ಬಸ್ ಹತ್ತಬೇಕಾದ ರಾಜ್ಯದಲ್ಲಿ ಇಂಜೆಕ್ಷನ್ ಮೊದ್ಲು ಬರೋದು ಬೇಡ, ಮಾತ್ರೆ ತಾಲೂಕಿಗೆ ಬರ್ಲಿ, ಆಮೇಲೆ ಕೂತು ಮಾತಾಡೋಣ. ಇದನ್ನ ಒಪ್ಪದೇ ಇರೋ ಗೆಳೆಯರು ನಂಗೆ ಇದಾರೆ, ಅವರಲ್ಲೊಬ್ಬ ನರರೋಗ ಇರೋನು, "ನಿನ್ನ ತಾಲೂಕು ರೆಡಿ ಆಗೋ ತನಕ ನಾನು ಕಾಯ್ಬೇಕಾ" ಅಂತ ಕೇಳ್ದ. ಉತ್ತರ ಕೊಡೋಕಾಗ್ಲಿಲ್ಲ.

ಹಾಗಾದ್ರೆ ಯಾರಿಗೆ ಯಾವುದು

ಹೊಸದಾಗಿ ಬಂದ, ವಾಪಸ್ ಸರಿಹೋಗೋ ತೊಂದ್ರೆ ಅಂದ್ರೆ ಐಸಿಯು, ಅವಧಿ ಇಟ್ಟು. ಕಾಯಿಲೆನೇ ಕೊನೆಗೆ ಬಂದಿದೆ, ರೋಗಿಗೆ ಮನೆಗೆ ಹೋಗೋ ಆಸೆ ಇದೆ, ನೋಡ್ಕೊಳ್ಳೋಕೆ ಕನಿಷ್ಠ ಇಬ್ಬರು ಇದಾರೆ, ಮಾರ್ಫೀನ್ ಬರೆಯೋ ಡಾಕ್ಟ್ರು ಫೋನಿಗೆ ಸಿಗ್ತಾರೆ, ಅಂದ್ರೆ ಮನೆ. ಇಬ್ಬರು ಇಲ್ಲ ಅಂದ್ರೆ ಹಾಸ್ಪಿಸ್, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಈಗಾಗ್ಲೇ ವೆಂಟಿಲೇಟರ್ ಮೇಲಿದ್ರೆ ಆ ಎರಡು ಬೋರ್ಡ್ ಕೇಳಿ, ಸುತ್ತೋಲೆ ಪ್ರಿಂಟ್ ಹಿಡ್ಕೊಂಡೇ ಕೇಳಿ. ಲಿವಿಂಗ್ ವಿಲ್ ಮಾತ್ರ ಇದನ್ನ ಓದ್ತಿರೋ ಎಲ್ಲರಿಗೂ. ಮತ್ತೆ, ಕಾಯಿಲೆಗಿಂತ ಮನಸ್ಸೇ ಕುಸಿದು ಸಾಯ್ಬೇಕು ಅನ್ನಿಸ್ತಿದ್ರೆ ಅದು ಈ ಪಟ್ಟಿಯ ವಿಷ್ಯವೇ ಅಲ್ಲ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಅಮ್ಮ ತನ್ನ ವಿಲ್ಲನ್ನ ಕಳೆದ ದೀಪಾವಳಿ ಆದ್ಮೇಲೆ ಮಾಡಿಸಿದ್ಲು. ನೋಟರಿ ಮೊದ್ಲು ಆಸ್ತಿ ವಿಲ್ ಅಂತ ತಿಳ್ಕೊಂಡು ಸರ್ವೆ ನಂಬರ್ ಕೇಳಿದ್ರು, ವಿವರಿಸೋಕೆ ಅರ್ಧ ಗಂಟೆ ಹಿಡೀತು. ಎಲ್ಲಾ ಟೈಪ್ ಆದ್ಮೇಲೆ ಓದಿ ಹೇಳಿ, ಇನ್ನೇನಾದ್ರೂ ಸೇರಿಸ್ಬೇಕಾಮ್ಮ ಅಂದ್ರು. ಅಮ್ಮ ಸೆರಗು ಸರಿಮಾಡ್ಕೊಂಡು ಹೇಳಿದ್ಲು, "ಕೈ ಕಟ್ಟಬಾರ್ದು ಅಂತ ಒಂದು ಲೈನ್ ಹಾಕಿ."